ಲೆಟ್ಸ್ ಟೇಬಲ್ ಇಟ್

2012ರ ಜೂನ್ ತಿಂಗಳು. ನಾನು ಬೆಂಗಳೂರಿಗೆ ಬಂದು ಹತ್ತು ತಿಂಗಳಾಗಿತ್ತು. ಮಾರತಹಳ್ಳಿಯ ಪಿಜಿಯೊಂದರಲ್ಲಿ ಮೂವರಿಗೆ ಒಂದು ರೂಮು, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಆಫೀಸು. ಕೆಲಸ ಟೆಸ್ಟಿಂಗ್. ಅಂದ್ರೆ ಬೇರೆಯವರು ಕಷ್ಟಪಟ್ಟು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಅವರ ಕೈಲಿ ಬೈಸಿಕೊಳ್ಳೋದು.

ನಮ್ಮ ಕ್ಲೈಂಟ್ ಇದ್ದದ್ದು ಷಿಕಾಗೊದಲ್ಲಿ. ಅವರಿಗೆ ಬೆಳಿಗ್ಗೆ ಒಂಬತ್ತಾದಾಗ ನಮಗೆ ಸಂಜೆ ಏಳೂವರೆ. ದಿನಾ ಆ ಹೊತ್ತಿಗೆ ಕಾಲ್. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಕಾಲ್ ಶುರುವಾದ ಕೂಡಲೇ ಮ್ಯೂಟ್ ಒತ್ತಿ, ಮುಗಿಯುವಾಗ ಮ್ಯೂಟ್ ತೆಗೆದು 'ಥ್ಯಾಂಕ್ಯೂ, ಬೈ' ಅನ್ನುತ್ತಿದ್ದೆ. ಅಷ್ಟೇ ನನ್ನ ಮಾತು.

ಆವತ್ತು ಮಾತ್ರ ಮ್ಯೂಟ್ ತೆಗೆಯಲೇಬೇಕಾಯಿತು. ಮಧ್ಯರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ಹಾಕಿದ ಬಿಲ್ಲು ಎರಡು ದಿನದ ಲೆಕ್ಕದಲ್ಲೂ ಸೇರುತ್ತಿದೆ ಅಂತ ನಾನು ಕಂಡುಹಿಡಿದಿದ್ದೆ. ಎದೆ ಡವಡವ ಅಂತಿದ್ದರೂ ಹೇಳಿ ಮುಗಿಸಿದೆ. ಅಲ್ಲಿನ ಮ್ಯಾನೇಜರ್ ಸಮಾಧಾನವಾಗಿ ಕೇಳಿಸಿಕೊಂಡು, "ಗುಡ್ ಪಾಯಿಂಟ್. ಲೆಟ್ಸ್ ಟೇಬಲ್ ಇಟ್ ಫಾರ್ ನೌ" ಅಂದರು.

ನನಗೆ ರೆಕ್ಕೆ ಬಂದಂತಾಯಿತು. ಟೇಬಲ್ ಅಂದರೆ ನನಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಬರಲಿ ಅಂತ ಅಪ್ಪ ದಿನಾ ಇಂಗ್ಲಿಷ್ ಪೇಪರ್ ಓದಿಸುತ್ತಿದ್ದರು. ವಿಧಾನಸಭೆಯಲ್ಲಿ ಬಿಲ್ ಟೇಬಲ್ ಆಯಿತು, ವರದಿ ಟೇಬಲ್ ಮಾಡಿದರು ಅಂತೆಲ್ಲ ಅದರಲ್ಲಿ ಬರೋದು. ಕನ್ನಡ ಪೇಪರಿನಲ್ಲಿ ಅದೇ ಸುದ್ದಿಗೆ 'ಮಂಡನೆ'. ಅಂದಮೇಲೆ ಮ್ಯಾನೇಜರ್ ನನಗೆ ಮಂಡಿಸು ಅಂದಿದ್ದಾರೆ. ಅದೂ 'ಫಾರ್ ನೌ', ಈಗಲೇ!

ಆ ರಾತ್ರಿ ಪಿಜಿಯಲ್ಲಿ ನಿದ್ದೆಯಿಲ್ಲ. ರೂಮ್‌ಮೇಟ್ ಲೈಟ್ ಆರಿಸು ಅಂತ ಗೊಣಗಿದಳು, ನಾನು ಮೆಟ್ಟಿಲ ಮೇಲೆ ಹೋಗಿ ಕೂತೆ. ಒಟ್ಟು ಹದಿನಾಲ್ಕು ಸ್ಲೈಡು. ತಪ್ಪು ಎಲ್ಲಿ, ಯಾಕೆ, ಎಷ್ಟು ಬಿಲ್ಲಿಗೆ, ಸರಿ ಮಾಡೋದು ಹೇಗೆ, ಎಲ್ಲ ಬಣ್ಣ ಹಾಕಿ ಬಿಡಿಸಿದ್ದೆ.

ಮರುದಿನದ ಕಾಲ್‌ನಲ್ಲಿ ನಾನೇ ಮೊದಲು ಬಾಯಿ ತೆಗೆದೆ. ನೀವು ಹೇಳಿದ ಹಾಗೆ ಟೇಬಲ್ ಮಾಡಲು ಸಿದ್ಧವಾಗಿದ್ದೇನೆ, ಇಪ್ಪತ್ತು ನಿಮಿಷ ಸಾಕು ಅಂದೆ. ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂತ 'ಹಲೋ, ಹಲೋ' ಅಂದೆ. ಕೊನೆಗೆ ಮ್ಯಾನೇಜರ್, ನಾವು ಅದನ್ನು ಟೇಬಲ್ ಮಾಡಿ ಆಯಿತಲ್ಲ ಅಂದರು. ಇಲ್ಲ ಸರ್, ನಾನಿನ್ನೂ ಮಾಡಿಲ್ಲ, ಈಗ ಮಾಡ್ತೀನಿ ಅಂದೆ. ಅಲ್ಲಿ ಯಾರೋ ಕೆಮ್ಮಿದರು. ಕೆಮ್ಮೋ ನಗೆಯೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಲೀಡ್ ಥಟ್ಟನೆ ಮಧ್ಯೆ ಬಂದು ಬೇರೆ ವಿಷಯ ತೆಗೆದರು.

ಕಾಲ್ ಮುಗಿದ ಮೇಲೆ ಅವರು ನನ್ನನ್ನು ಪ್ಯಾಂಟ್ರಿಗೆ ಕರೆದುಕೊಂಡು ಹೋಗಿ ಕಾಫಿ ಹಿಡಿದು ಕೊಟ್ಟರು. "ನೋಡಮ್ಮಾ, ಅಮೆರಿಕದಲ್ಲಿ ಟೇಬಲ್ ಮಾಡೋದು ಅಂದ್ರೆ ಸದ್ಯಕ್ಕೆ ಬೇಡ, ಎತ್ತಿಡಿ ಅಂತ. ನಮ್ಮಲ್ಲಿರೋದು ಬ್ರಿಟಿಷರ ಇಂಗ್ಲಿಷು. ಅದರಲ್ಲಿ ಇದು ಪೂರ್ತಿ ಉಲ್ಟಾ." ನಾನು ಕಪ್ಪನ್ನೇ ನೋಡುತ್ತಾ ನಿಂತಿದ್ದೆ. ಹದಿನಾಲ್ಕು ಸ್ಲೈಡು!

ಅವರಿಗೆ ಪಾಠ ಹೇಳೋದು ಇಷ್ಟ. ಒಂದು ಹೊಸ ತಾರೀಖು ಕೈಲಿಟ್ಟುಕೊಂಡು ಮುಂದೂಡಿದರೆ ಪೋಸ್ಟ್‌ಪೋನ್ ಅನ್ನು ಅಂದರು. ಹಲ್ಲು ನೋಯುತ್ತಿದ್ದರೂ ಡಾಕ್ಟರ ಹತ್ತಿರ ಹೋಗದೆ ನಾಳೆ ನಾಳೆ ಅಂತೀವಲ್ಲ, ಅದು ಪುಟ್ ಆಫ್. ಅಡ್ಜರ್ನ್ ಅನ್ನೋದು ಶುರುವಾದದ್ದನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗೋದು, ಕೋರ್ಟಿನಲ್ಲಿ ಡೇಟ್ ಕೊಟ್ಟು ಕಳಿಸ್ತಾರಲ್ಲ ಹಾಗೆ. ಡಿಫರ್ ಅಂದರೆ ಪೋಸ್ಟ್‌ಪೋನೇ, ಆದರೆ ಬ್ಯಾಂಕಿನ ಕಾಗದದಲ್ಲಿ ಟೈ ಕಟ್ಟಿಕೊಂಡು ಬರುತ್ತೆ. "ಮತ್ತೆ ಶೆಲ್ವ್?" ಅಂದೆ. "ಅದು ನನ್ನ ಪ್ರಮೋಷನ್" ಅಂದರು. ನನೆಗುದಿಗೆ ಬೀಳೋದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ರೂಮಿಗೆ ಬಂದು ಹುಡುಕಿ ಓದಿದೆ. ಸಮಾಧಾನವಾಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ದೊಡ್ಡ ದೊಡ್ಡ ಸೇನಾಧಿಕಾರಿಗಳೇ ಈ ಪದಕ್ಕೆ ಸಿಕ್ಕಿಹಾಕಿಕೊಂಡಿದ್ದರು. ಬ್ರಿಟಿಷರು ತುರ್ತಿನ ಒಂದು ಪತ್ರವನ್ನು ಟೇಬಲ್ ಮಾಡಬೇಕು ಅಂತ ಹಟ ಹಿಡಿದರು. ಅಮೆರಿಕದವರು ಕೂಡದು ಅಂದರು. ಅವರ ಲೆಕ್ಕದಲ್ಲಿ ಹಾಗೆಂದರೆ ಡ್ರಾಯರಿಗೆ ಹಾಕಿ ಮರೆಯೋದು. ಜೋರು ವಾಗ್ವಾದವಾದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾಗಿದ್ದು ಒಂದೇ ಅಂತ. ಇದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಂತೂ ಒಂದು ವಿಷಯ ಟೇಬಲ್ ಮಾಡುವ ಸೂಚನೆ ಗೆದ್ದರೆ ಅದರ ಕಥೆ ಬಹುತೇಕ ಮುಗಿದ ಹಾಗೆ. ನಮ್ಮ ಲೋಕಸಭೆಯಲ್ಲಿ ಟೇಬಲ್ ಮೇಲೆ ಇಟ್ಟರೆ ಅದು ಎಲ್ಲರ ಕಣ್ಣಿಗೆ ಬಿದ್ದ ಹಾಗೆ. ಎರಡೂ ಕಡೆ ಮೇಜು ಒಂದೇ. ಒಬ್ಬರು ನೋಡಲಿ ಅಂತ ಇಡ್ತಾರೆ, ಇನ್ನೊಬ್ಬರು ಕೈಲಿ ಹಿಡಿದದ್ದು ಸಾಕು ಅಂತ ಇಡ್ತಾರೆ.

ಇಂಗ್ಲಿಷನ್ನು ಬೈದುಕೊಳ್ಳುತ್ತಾ ಮಲಗಿದವಳಿಗೆ ಕನ್ನಡವೂ ಕಡಿಮೆಯಿಲ್ಲ ಅಂತ ಹೊಳೆಯಿತು. ವರದಿಯನ್ನು ಸದನದ ಮುಂದಿಟ್ಟರು. ವರದಿಯನ್ನು ಮುಂದಿನ ಅಧಿವೇಶನಕ್ಕೆ ಮುಂದೂಡಿದರು. ಎರಡರಲ್ಲೂ ಅದೇ 'ಮುಂದೆ'! ಮುಂದಿಟ್ಟರೆ ಕೆಲಸ ಈಗ, ಮುಂದೂಡಿದರೆ ಯಾವಾಗಲೋ. 'ಮುಂದೆ ಬನ್ನಿ' ಅಂದರೆ ಹತ್ತಿರ ಬಾ ಅಂತ, 'ಮುಂದೆ ನೋಡೋಣ' ಅಂದರೆ ದೂರ ಹೋಗು ಅಂತ. ಹುಟ್ಟಿನಿಂದ ಕೇಳಿದವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಷಿಕಾಗೊದವರಿಗೂ ಟೇಬಲ್ ಅಷ್ಟೇ ಸಲೀಸು ಇರಬೇಕು, ಅಲ್ವಾ?

ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಇದರಲ್ಲಿ ಏನು ವಿಶೇಷ ಪುಟ್ಟಿ? ಮೂವತ್ತು ವರ್ಷ ನಾನು ಫೈಲಿನಲ್ಲಿ 'ಆದೇಶಕ್ಕಾಗಿ ಮಂಡಿಸಿದೆ' ಅಂತ ಬರೆದೆ. ಬರೆದು ಸಾಹೇಬ್ರ ಟೇಬಲ್ ಮೇಲೆ ಇಡ್ತಿದ್ದೆ. ಅಲ್ಲೇ ಇರೋದು. ಖಾತೆಗೆ ಅಲೆಯೋ ಜನ ಬಂದು ಎಲ್ಲಿದೆ ಸಾರ್ ಅಂದ್ರೆ, ಟೇಬಲ್ ಮೇಲಿದೆ ಅಂತಿದ್ದೆ. ಮೊದಲನೇ ವಾರ ಕೇಳಿದೋರು ಖುಷಿಯಾಗಿ ಹೋಗೋರು. ಆರನೇ ತಿಂಗಳು ಅದೇ ಮಾತು ಕೇಳಿದ್ರೆ ಅಳೋರು."

ನಾನು ಸುಮ್ನಿದ್ದೆ. ಒಂದು ಗಳಿಗೆ ಬಿಟ್ಟು ಅಪ್ಪನೇ ಕೇಳಿದರು, "ಈಗ ನಿನ್ನ ಬಿಲ್ಲಿನ ವಿಷಯ ಎಲ್ಲಿದೆ?"

"ಪೆಂಡಿಂಗ್ ಪಟ್ಟಿಯಲ್ಲಿ ಹಾಕಿದಾರೆ ಅಪ್ಪ."

"ಯಾರ ಹೆಸರಲ್ಲಿ?"

ನೋಡಿರಲಿಲ್ಲ. ಸೋಮವಾರ ಆಫೀಸಿಗೆ ಹೋದವಳು ಮೊದಲು ಅದನ್ನೇ ತೆಗೆದು ನೋಡಿದೆ. ಹೆಸರಿನ ಜಾಗ ಖಾಲಿ ಇತ್ತು. ನನ್ನ ಹೆಸರನ್ನೇ ಹಾಕಿ, ಹದಿನಾಲ್ಕು ಸ್ಲೈಡನ್ನೂ ಅದಕ್ಕೆ ಲಗತ್ತಿಸಿದೆ.