ಬುಸಿಯಾ: ಒಂದೇ ಹೆಸರು, ಎರಡು ದೇಶ

ಪೂರ್ವ ಆಫ್ರಿಕಾದಲ್ಲಿ ಬಾಡಿಗೆಗೆ ಓಡುವ ಬೈಕಿಗೆಲ್ಲ ‘ಬೋಡಾ ಬೋಡಾ’ ಎನ್ನುತ್ತಾರೆ. ಆ ಹೆಸರು ಹುಟ್ಟಿದ್ದು ಕೀನ್ಯಾ–ಉಗಾಂಡಾ ಗಡಿಯಲ್ಲಿ. ಎರಡು ಚೌಕಿಗಳ ನಡುವೆ ಸೈಕಲ್ಲಿನವರು ‘ಬಾರ್ಡರ್, ಬಾರ್ಡರ್’ ಎಂದು ಕೂಗಿ ಗಿರಾಕಿ ಹತ್ತಿಸಿಕೊಳ್ಳುತ್ತಿದ್ದರಂತೆ. ಈಗ ಆ ಜಾಗದಲ್ಲಿ ನಮ್ಮ ಬಜಾಜ್ ಬಾಕ್ಸರ್ ಓಡುತ್ತದೆ. ಗಡಿಯ ಆಚೆಗೂ ಈಚೆಗೂ ಊರಿನ ಹೆಸರು ಬುಸಿಯಾ ಎಂದೇ.

ಕೀನ್ಯಾದ ಕಿಸುಮುವಿನಿಂದ ಮಟಾಟು ವ್ಯಾನಿನಲ್ಲಿ ಎರಡು–ಎರಡೂವರೆ ತಾಸಿನ ದಾರಿ. ಉಗಾಂಡಾದ ರಾಜಧಾನಿ ಕಂಪಾಲಾದಿಂದ ಸುಮಾರು 200 ಕಿ.ಮೀ. ಅಲ್ಲಿ ‘ಟ್ಯಾಕ್ಸಿ’ ಎಂದರೂ ಇದೇ 14 ಸೀಟಿನ ವ್ಯಾನು; ತುಂಬುವ ತನಕ ಕದಲುವುದಿಲ್ಲ. ಜಿಂಜಾ ದಾರಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಐದು ತಾಸೂ ಆದೀತು. ನೈರೋಬಿ–ಕಂಪಾಲಾ ರಾತ್ರಿ ಬಸ್ಸು ಹಿಡಿದರೆ ನಿದ್ದೆಗಣ್ಣಲ್ಲಿ ಇಳಿದು ಸಾಲು ನಿಲ್ಲಬೇಕು. ಊರು ನೋಡುವುದಿದ್ದರೆ ಹಗಲೇ ಸರಿ.

ಹೊಸಬರು ಎಡವುವುದು ಪಾಸ್‌ಪೋರ್ಟಿನ ಮುದ್ರೆಯ ವಿಷಯದಲ್ಲಿ. 2018ರಲ್ಲಿ ಉದ್ಘಾಟನೆಯಾದ ಇಲ್ಲಿನ ಚೌಕಿಯಲ್ಲಿ ನಿಲ್ಲಬೇಕಾದ್ದು ಒಂದೇ ಕಡೆ, ಅದೂ ಹೋಗಿ ಸೇರುವ ದೇಶದ ಕಟ್ಟಡದಲ್ಲಿ. ಕೀನ್ಯಾ ಬಿಡುವವರು ಕೀನ್ಯಾದ ಕಟ್ಟಡ ಹುಡುಕುತ್ತ ಅಲೆಯಬೇಕಿಲ್ಲ. ಉಗಾಂಡಾ ಬದಿಯಲ್ಲೇ ಮೊದಲು ಕೀನ್ಯಾದ ನಿರ್ಗಮನ ಮುದ್ರೆ, ಪಕ್ಕದ ಮೇಜಿನಲ್ಲಿ ಉಗಾಂಡಾದ ಪ್ರವೇಶ ಮುದ್ರೆ. ಬೋಡಾದವನು ‘ಪಾನ್ಯಾ’, ಅಂದರೆ ಇಲಿದಾರಿಯಲ್ಲಿ ದಾಟಿಸುತ್ತೇನೆಂದರೆ ಒಪ್ಪಲೇಬೇಡಿ. ಮುದ್ರೆಯಿಲ್ಲದ ಪಾಸ್‌ಪೋರ್ಟು ಹಿಂದಿರುಗುವಾಗ ಕಾಡುತ್ತದೆ. ಎರಡೂ ದೇಶ ಸುತ್ತುವವರಿಗೆ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಅನುಕೂಲ: 90 ದಿನ, ರುವಾಂಡಾ ಕೂಡ ಸೇರಿ. ಹಳದಿ ಜ್ವರದ ಲಸಿಕೆ ಚೀಟಿಗೆ ಬೆಲೆ ಬರುವುದು ಚುಚ್ಚುಮದ್ದಿನ ಹತ್ತು ದಿನಗಳ ನಂತರ. ಅದಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದ ತನಕ ಪ್ರತ್ಯೇಕವಾಸಕ್ಕೆ ಕೂರಿಸಬಹುದು.

ಹಣ ಬದಲಿಸುವವರು ಕಂತೆ ಹಿಡಿದು ಮುತ್ತಿಕೊಳ್ಳುತ್ತಾರೆ. ಒಂದು ಕೀನ್ಯಾ ಶಿಲಿಂಗಿಗೆ 27–28 ಉಗಾಂಡಾ ಶಿಲಿಂಗ್ ಆಸುಪಾಸು. ಸೊನ್ನೆಗಳ ಗೊಂದಲದಲ್ಲೇ ಮೋಸ ನಡೆಯುವುದು. ಲೆಕ್ಕ ನಿಮ್ಮ ಫೋನಿನಲ್ಲೇ ಮಾಡಿ, ಅವರ ಕಂತೆ ಎಣಿಸಿದ ಮೇಲೆಯೇ ನಿಮ್ಮದು ಕೊಡಿ. ಕೀನ್ಯಾದ ಹಳೆಯ 1000ದ ನೋಟು 2019ರ ಅಕ್ಟೋಬರಿನಿಂದ ಚಲಾವಣೆಯಲ್ಲಿಲ್ಲ.

ನೋಡಬೇಕಾದದ್ದು ಸಂತೆ. ಗೊರೊಗೊರೊ ಎಂಬ ತಗಡಿನ ಡಬ್ಬಿ ಇಲ್ಲಿನ ಸೇರು. ಸುಮಾರು ಎರಡು ಕಿಲೋ ಮೆಕ್ಕೆಜೋಳ ಹಿಡಿಯುತ್ತದೆ. ಗೋಪುರ ಬರುವಂತೆ ಅಳೆದರೂ ಹಿಗ್ಗಬೇಡಿ, ಡಬ್ಬಿಯ ತಳ ಒಳಕ್ಕೆ ತಗ್ಗಿದೆಯೇ ನೋಡಿ. ಸಾಲಿನಲ್ಲಿ ಕಂದುಗೆಂಪು ರಾಶಿ ಕಂಡರೆ ಕನ್ನಡಿಗರ ಕಾಲು ತಾನಾಗಿ ನಿಲ್ಲುತ್ತದೆ: ರಾಗಿ! ಕೀನ್ಯಾದವರಿಗೆ ಅದು ‘ವಿಂಬಿ’, ಉಗಾಂಡಾದ ಲುಗಾಂಡಾ ಭಾಷೆಯಲ್ಲಿ ‘ಬುಲೊ’. ನಮ್ಮ ರಾಗಿಯ ತವರು ಇದೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಅಂಬಲಿಯಂಥ ‘ಉಜಿ’ಗೂ ಅದರ ಹಿಟ್ಟು ಬೇಕು. ಊಟಕ್ಕೆ ಮೆಕ್ಕೆಜೋಳದ ಮುದ್ದೆ ‘ಉಗಾಲಿ’, ಜೊತೆಗೆ ಸುಕುಮಾ ಸೊಪ್ಪಿನ ಪಲ್ಯ. ಮುದ್ದೆ ಉಂಡ ಬಾಯಿಗೆ ಸಪ್ಪೆ ಎನಿಸಬಹುದು.

ಮೆಕ್ಕೆಜೋಳ ಉಗಾಂಡಾದಿಂದ ಕೀನ್ಯಾಕ್ಕೆ ಹೋಗುತ್ತದೆ. ಹಸಿ ಇರುವಾಗಲೇ ಚೀಲ ಹೊಲಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಕೂಡುತ್ತದೆ. ಇದೇ ಕಾರಣಕ್ಕೆ 2021ರ ಮಾರ್ಚ್‌ನಲ್ಲಿ ಕೀನ್ಯಾ ಉಗಾಂಡಾ, ತಾಂಜಾನಿಯಾಗಳ ಮೆಕ್ಕೆಜೋಳವನ್ನು ತಡೆದು, ಬೇಗನೆ ಷರತ್ತಿನ ಮೇಲೆ ಬಿಟ್ಟಿತು. ತೇವಾಂಶ ಶೇ 13.5 ಮೀರಬಾರದು, ವಿಷ ಕಿಲೋಗೆ 10 ಮೈಕ್ರೋಗ್ರಾಂ ದಾಟಬಾರದು. ತೇವ ಅಳೆಯುವ ಯಂತ್ರವಿಲ್ಲದಿದ್ದರೆ ಒಣ ಬಾಟಲಿಗೆ ಒಂದಿಷ್ಟು ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಕಾಲು ಗಂಟೆ ಇಡುವುದು: ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು, ಮತ್ತೆ ಬಿಸಿಲಿಗೆ ಹರವಬೇಕು.

ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಗಳಲ್ಲಿ ಅಂಗವಿಕಲರು ಸರಕು ದಾಟಿಸುವುದು ಈ ಗಡಿಯ ಹಳೆಯ ವ್ಯಾಪಾರ. ಅವರಿಗೆ ದಾರಿ ಬಿಟ್ಟು ನಡೆಯಿರಿ.

ರಾಗಿ ಕೊಂಡರೆ ಬಟ್ಟೆ ಚೀಲ ಜೊತೆಗಿರಲಿ. ಉಗಾಂಡಾ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ‘ಕಾವೇರಾ’ ಎಂದು ಹೆಸರು. ಕೇಳಲು ನಮ್ಮದೆನಿಸುತ್ತದೆ, ಆದರೆ 2017ರ ಆಗಸ್ಟ್ 28ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಗಡಿ ದಾಟುವ ಮೊದಲೇ ಸುರಿದು ಬದಲಿಸಿಕೊಳ್ಳಿ.