ಥಾರಿನ ಉಸುಕಿಗೆ ಟೂ-ಸ್ಟ್ರೋಕ್: ಹುಬ್ಬಳ್ಳಿಯ ಜೆಟ್ ಅಲ್ಲಿ ನಡೆಯೋದಿಲ್ಲ

ಜೈಸಲ್ಮೇರ್ ಕಡೆ ಉಸುಕಿನಲ್ಲಿ ಗಾಡಿ ಓಡಿಸಬೇಕು ಅನ್ನುವವರು ಮೊದಲು ಟಯರ್ ಬಗ್ಗೆ ಕೇಳ್ತಾರೆ, ಆಮೇಲೆ ಸಸ್ಪೆನ್ಶನ್ ಬಗ್ಗೆ. ಜೆಟ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ, ಅದರ ಬಗ್ಗೆ ಕೇಳುವವರು ಭಾಳ ಕಡಿಮೆ. ಟಯರ್ ತಪ್ಪಿದರೆ ಬೀಳ್ತೀರಿ, ಎದ್ದು ಹೋಗ್ತೀರಿ. ಜೆಟ್ ತಪ್ಪಿದರೆ ಪಿಸ್ಟನ್ ಹಿಡಿದುಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ.

ಮೊದಲು ಗಾಡಿಯ ಆಯ್ಕೆ. ನಮ್ಮ ಕಡೆ ಟೂ-ಸ್ಟ್ರೋಕ್ ಅಂದಕೂಡಲೇ ಆರ್‌ಎಕ್ಸ್ 100 ನೆನಪಾಗೋದು ಸಹಜ. ಅಣ್ಣಿಗೇರಿ, ನವಲಗುಂದ ಕಡೆಯ ಚಕ್ಕಡಿ ದಾರಿಗೆ ಅದು ಸಾಕು. ಆದರೆ ಅದು 98 ಸಿಸಿಯ, ಗಾಳಿಯಿಂದ ತಣಿಯುವ ಇಂಜಿನ್. ಆಳ ಉಸುಕಿನಲ್ಲಿ ಥ್ರಾಟಲ್ ಪೂರ್ತಿ ತೆರೆದಿರುತ್ತದೆ, ಗಾಡಿ ಮಾತ್ರ ಮೂವತ್ತರ ವೇಗದಲ್ಲಿರುತ್ತದೆ. ಶಾಖ ಪೂರ್ತಿ, ಗಾಳಿ ಅರ್ಧ. ಅದನ್ನು ಮನೆಯಲ್ಲೇ ಬಿಡಿ.

ಬೇಕಾದದ್ದು ನೀರಿನಿಂದ ತಣಿಯುವ 250 ಅಥವಾ 300. ಯಮಹಾ ವೈಜೆಡ್250ಎಕ್ಸ್, ಕೆಟಿಎಂ 300 ಇಎಕ್ಸ್‌ಸಿ, ಹಸ್ಕ್ವಾರ್ನಾ ಟಿಇ 300 ಇದೇ ಸಾಲಿನವು. ಬರಿಯ ಮೋಟೋಕ್ರಾಸ್ ವೈಜೆಡ್250 ಸಿಕ್ಕರೂ ಆದೀತು, ಆದರೆ ಅದರ ಗೇರುಗಳು ಹತ್ತಿರ ಹತ್ತಿರ, ಹಿಂದಿನ ಚಕ್ರ 19 ಇಂಚು. 18 ಇಂಚಿನ ಚಕ್ರಕ್ಕೆ ಟಯರಿನ ಗೋಡೆ ಎತ್ತರ ಇರುತ್ತದೆ. ಉಸುಕಿನ ಕೆಳಗೆ ಅಡಗಿದ ಕಲ್ಲಿಗೆ ರಿಮ್ ಬಡಿಯದಂತೆ ಕಾಯೋದು ಆ ಗೋಡೆಯೇ. ಕೆಟಿಎಂನಲ್ಲಿ 2018ರ ಮಾದರಿಯಿಂದ ಇಂಜೆಕ್ಷನ್ ಬಂತು. ಎತ್ತರ, ಚಳಿ ಎಲ್ಲವನ್ನೂ ಅದರ ಸೆನ್ಸರುಗಳೇ ನೋಡಿಕೊಳ್ಳುತ್ತವೆ. ಆದರೂ ಕಾರ್ಬೊರೇಟರ್ ಗಾಡಿಯೇ ನನಗೆ ಮೇಲು. ಗಾಡಿಯೊಳಗಿನ ಪೆಟ್ರೋಲ್ ಪಂಪು ಸುಟ್ಟರೆ ಅಲ್ಲಿನ ಧಾಣಿಗಳಲ್ಲಿ (ಸಣ್ಣ ಹಳ್ಳಿಗಳಲ್ಲಿ) ಸಿಗೋದಿಲ್ಲ, ಜೆಟ್ಟಿಗೆ ಕಸ ಸಿಕ್ಕರೆ ಊದಿ ಹಾಕಬಹುದು. ನೋಂದಣಿ ಇಲ್ಲದ ಇಂಥ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಇಲ್ಲೂ ಅಲ್ಲೂ ಪಿಕಪ್ಪಿನ ಮೇಲೆಯೇ ಒಯ್ಯಬೇಕು.

ಹಳೇ ಗಾಡಿ ಕೊಂಡರೆ ಜೆಟ್ ಮುಟ್ಟುವ ಮೊದಲು ಲೀಕ್ ಟೆಸ್ಟ್ ಮಾಡಿಸಿ. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ, ಒಳಗೆ 6 ಪಿಎಸ್‌ಐ ಗಾಳಿ ತುಂಬಿ ಆರು ನಿಮಿಷ ಬಿಟ್ಟು ನೋಡೋದು. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ಹುಡುಕಿ. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ ಸವೆದಿದ್ದರೆ ಗಾಳಿ ಎಳೆದು ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರೋದಿಲ್ಲ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಸುಟ್ಟು ಬಿಳಿ ಹೊಗೆ ಬರುತ್ತದೆ. ಇನ್‌ಟೇಕಿನಲ್ಲಿ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ರೀಡ್ ವಾಲ್ವಿನ ಎಲೆಗಳ ತುದಿ ಸೀಳಿದ್ದರೆ ಬದಲಿಸಿ. ಸೀಲ್ ಹೋದ ಇಂಜಿನ್ನಿಗೆ ಜೆಟ್ ಹೊಂದಿಸೋದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಈಗ ಜೆಟ್. ಹುಬ್ಬಳ್ಳಿ ಇರೋದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಜೈಸಲ್ಮೇರ್ ಸುಮಾರು 225ರಲ್ಲಿ. ಅಷ್ಟರಿಂದಲೇ ಗಾಳಿ ಶೇ. 5ರಷ್ಟು ದಟ್ಟ ಆಗುತ್ತದೆ. ಅಲ್ಲಿ ಓಡಿಸುವ ಕಾಲ ನವೆಂಬರಿನಿಂದ ಫೆಬ್ರವರಿ, ಮುಂಜಾನೆ ಹತ್ತು ಡಿಗ್ರಿಗೂ ಇಳಿಯುತ್ತದೆ. ಇಲ್ಲಿ ಮೂವತ್ತು ಡಿಗ್ರಿಯಲ್ಲಿ ಹೊಂದಿಸಿದ ಗಾಡಿಗೆ ಆ ಚಳಿಯಿಂದ ಇನ್ನೂ ಶೇ. 7. ಒಟ್ಟು ಗಾಳಿ ಶೇ. 12ರಷ್ಟು ಹೆಚ್ಚು. ಗಾಳಿ ದಟ್ಟವಾದಾಗ ಕಾರ್ಬೊರೇಟರ್ ತಾನಾಗಿ ಒಂದಿಷ್ಟು ಪೆಟ್ರೋಲ್ ಹೆಚ್ಚಿಗೆ ಎಳೆಯುತ್ತದೆ, ಆದರೆ ಬೇಕಾದುದರಲ್ಲಿ ಅರ್ಧದಷ್ಟು ಮಾತ್ರ. ಉಳಿದ ಶೇ. 6 ಲೀನ್. ಮರುಭೂಮಿ ಅಂದರೆ ಬಿಸಿಲು, ಬಿಸಿಲಿಗೆ ಜೆಟ್ ಚಿಕ್ಕದು ಮಾಡಬೇಕು ಅಂತ ಲೆಕ್ಕ ಹಾಕುವವರು ಎಡವೋದು ಇಲ್ಲೇ.

ಜೆಟ್ಟಿನಲ್ಲಿ ಹರಿಯುವ ಪ್ರಮಾಣ ತೂತಿನ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಹಾಗಾಗಿ ಪೂರ್ತಿ ಥ್ರಾಟಲಿಗೆ ಪೆಟ್ರೋಲ್ ಕೊಡುವ ಮೇನ್ ಜೆಟ್ಟಿನ ಕೇಹಿನ್ ಕಂಪನಿ ಸಂಖ್ಯೆಯಲ್ಲಿ (ಅದು ತೂತಿನ ವ್ಯಾಸಕ್ಕೆ ತಕ್ಕದ್ದು) ಶೇ. 3 ಏರಿಸಿದರೆ ಆ ಕೊರತೆ ತುಂಬುತ್ತದೆ. ಇಲ್ಲಿ 178 ಸರಿ ಇದ್ದರೆ ಅಲ್ಲಿಗೆ 182 ಅಥವಾ 185. ಉಸುಕಿನ ಭಾರವನ್ನೂ ಲೆಕ್ಕಕ್ಕೆ ಹಿಡಿದು ನಾನು 185ರಿಂದಲೇ ಶುರು ಮಾಡಿ ಅಂತೀನಿ. ರಿಚ್ ಇದ್ದ, ಅಂದರೆ ಪೆಟ್ರೋಲ್ ಹೆಚ್ಚಾದ ಗಾಡಿ ಗೊಣಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಅರ್ಧ ಥ್ರಾಟಲಿನ ಪೆಟ್ರೋಲ್ ನೋಡಿಕೊಳ್ಳುವ ಕಾರ್ಬೊರೇಟರಿನ ಸೂಜಿಯ ಕ್ಲಿಪ್ ಒಂದು ಕಚ್ಚು ಕೆಳಗೆ ಇಳಿಸಿ, ಸೂಜಿ ಮೇಲೆದ್ದು ಪೆಟ್ರೋಲ್ ಹೆಚ್ಚುತ್ತದೆ. ಏರ್ ಸ್ಕ್ರೂ ಒಂದು ಸುತ್ತಿಗಿಂತ ಒಳಗಿದ್ದಾಗಲೇ ಇಂಜಿನ್ ಚೆನ್ನಾಗಿ ಎದ್ದರೆ ಪೈಲಟ್ ಜೆಟ್ (ಕಡಿಮೆ ಥ್ರಾಟಲಿಗೆ ಪೆಟ್ರೋಲ್ ಕೊಡುವ ಜೆಟ್) ದೊಡ್ಡದು ಬೇಕು, ಎರಡೂವರೆ ಸುತ್ತು ದಾಟಿದರೆ ಚಿಕ್ಕದು.

ಇನ್ನೊಂದು ಮಾತು: ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಅಷ್ಟೇ ಗಾಳಿಗೆ ಇದು ಶೇ. 7ರಷ್ಟು ಹೆಚ್ಚು ಬೇಕು. ಆದ್ದರಿಂದ ಕಂಪನಿಯ ಪುಸ್ತಕದಲ್ಲಿ ಅಚ್ಚಾದ ಜೆಟ್ ಸಂಖ್ಯೆಯನ್ನು ನಂಬಿ ಕೂರಬೇಡಿ, ಇಲ್ಲಿನ ಪೆಟ್ರೋಲ್ ಹಾಕಿ ಇಲ್ಲೇ ಹೊಂದಿಸಿದ ಸಂಖ್ಯೆಯಿಂದ ಲೆಕ್ಕ ಶುರು ಮಾಡಿ. ಎಥನಾಲ್ ನೀರು ಹೀರುತ್ತದೆ. ತೇವ ಜಾಸ್ತಿಯಾದರೆ ನೀರು-ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಆ ಪದರದಲ್ಲಿ ಆಯಿಲ್ ಇರೋದಿಲ್ಲ. ಕಲಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ವಾರಗಟ್ಟಲೆ ಇಡಬೇಡಿ.

ಪರೀಕ್ಷೆ ಮಾಡೋದು ಟಾರ್ ರಸ್ತೆಯಲ್ಲಲ್ಲ. ಬೇಸಿಗೆಯಲ್ಲಿ ರಂಟೆ ಹೊಡೆದು ಬಿಟ್ಟ ಎರೆ ಹೊಲ ಇಂಜಿನ್ನಿಗೆ ಉಸುಕಿನಷ್ಟೇ ಭಾರ ಕೊಡುತ್ತದೆ. ಹೊಲದವರನ್ನು ಕೇಳಿ ಇಳಿಯಿರಿ. ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ರಾಣೆಬೆನ್ನೂರಿನದು ಕೃಷ್ಣಮೃಗಗಳ ಧಾಮ, ಆ ಕಡೆ ತಲೆ ಹಾಕಬೇಡಿ. ಹೊಸ ಪ್ಲಗ್ ಹಾಕಿ, ನಾಲ್ಕನೇ ಗೇರಿನಲ್ಲಿ ಪೂರ್ತಿ ಥ್ರಾಟಲಿನಲ್ಲಿ ಎಳೆದು, ಕ್ಲಚ್ ಹಿಡಿದು ಅದೇ ಕ್ಷಣ ಕಿಲ್ ಸ್ವಿಚ್ ಒತ್ತಿ. ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡ ನೋಡಿ, ತುದಿಯನ್ನಲ್ಲ. ಬುಡದಲ್ಲಿ ಕಂದು ಉಂಗುರ ಇರಬೇಕು. ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಮ್, ಗಾಡಿಯನ್ನು ಮತ್ತೆ ಚಾಲೂ ಮಾಡಬೇಡಿ. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ತಲೆಯನ್ನೂ ನೋಡಿ: ಹೊಸ ಮಿಶ್ರಣ ಸಿಲಿಂಡರಿಗೆ ಬರುವ ಟ್ರಾನ್ಸ್‌ಫರ್ ಪೋರ್ಟುಗಳ ಎದುರು ಮಸಿ ತೊಳೆದುಹೋದ ಜಾಗ ಇರಬೇಕು. ತಲೆಯೆಲ್ಲ ಒಂದೇ ಸಮನೆ ಕಪ್ಪಗಿದ್ದರೆ ಮಿಶ್ರಣ ಲೀನ್. ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ಏರಿದಷ್ಟೂ ತಂಪು, ಉದ್ದ ಓಟಕ್ಕೆ 8ರ ಬದಲು 9.

ಆಯಿಲ್ ಲೀಟರಿಗೆ 31 ಮಿಲಿ, ಅಂದರೆ 32ಕ್ಕೆ 1. ಸಾಮಾನ್ಯ ಓಟಕ್ಕೆ 25 ಮಿಲಿ ಸಾಕಾದರೂ ಪೂರ್ತಿ ಥ್ರಾಟಲಿಗೆ ಸಾಲದು. ಸ್ಕೂಟರಿಗೆ ಹಾಕುವ ಸಾದಾ 2ಟಿ ಬೇಡ, ಜಪಾನಿನ ಜಾಸೋ ಮಾನದಂಡದ ಎಫ್‌ಡಿ ದರ್ಜೆಯ ಸಿಂಥೆಟಿಕ್ ತೊಗೊಳ್ಳಿ. ಆಯಿಲ್ ಹೆಚ್ಚಿಸಿದರೆ ಅಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತುಸು ಲೀನ್ ಆಗುತ್ತದೆ, ಅದಕ್ಕೇ ಮೊದಲು ಆಯಿಲ್ ಪ್ರಮಾಣ ಗಟ್ಟಿ ಮಾಡಿ ಆಮೇಲೆ ಜೆಟ್ ಹೊಂದಿಸಿ. ಟೂ-ಸ್ಟ್ರೋಕಿಗೆ ಆಯಿಲ್ ಹೋಗೋದು ಪೆಟ್ರೋಲಿನ ಜೊತೆಗೇ. ಸಪಾಟು ಬಯಲಿನಲ್ಲಿ ಉದ್ದಕ್ಕೆ ಎಳೆದು ಥಟ್ಟನೆ ಥ್ರಾಟಲ್ ಮುಚ್ಚಿದರೆ ಇಂಜಿನ್ ವೇಗವಾಗಿ ಸುತ್ತುತ್ತಲೇ ಇರುತ್ತದೆ, ಆಯಿಲ್ ಬರೋದು ನಿಂತಿರುತ್ತದೆ. ಕ್ಲಚ್ ಹಿಡಿದು ಒಂದೆರಡು ಸಲ ಥ್ರಾಟಲ್ ತಿರುವೋದು ರೂಢಿಯಾಗಬೇಕು.

ಏರ್ ಫಿಲ್ಟರ್ ದಿನಾ ಬದಲಿಸಿ. ಎಣ್ಣೆ ಹಚ್ಚಿದ ಫೋಮ್ ನಾಲ್ಕು ತೊಗೊಂಡು ಹೋಗಿ, ಪ್ರತಿಯೊಂದೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ. ಎಣ್ಣೆ ಹಾಕಿ ಹಿಸುಕಬೇಕು, ಹಿಂಡಬಾರದು. ಹಿಂಡಿದರೆ ಅಂಟಿನ ಜೋಡಣೆ ಬಿಡುತ್ತದೆ. ಪೆಟ್ಟಿಗೆಗೆ ಕೂರುವ ಅಂಚಿಗೆ ಗ್ರೀಸ್ ಸವರಿ. ಫಿಲ್ಟರ್ ತೆಗೆದಾಗ ಬಿಳಿ ಅರಿವೆ ಬೆರಳಿಗೆ ಸುತ್ತಿ ರಬ್ಬರ್ ಬೂಟಿನ ಒಳಗೆ ಒರೆಸಿ. ಅರಿವೆಯ ಮೇಲೆ ಧೂಳಿನ ಗೆರೆ ಬಂದರೆ ಅದು ರಿಂಗುಗಳ ತನಕ ಆಗಲೇ ಹೋಗಿದೆ. ಎರೆ ಧೂಳು ಉಸುಕಿಗಿಂತ ನುಣುಪು, ಅದಕ್ಕೆ ಈ ಪರೀಕ್ಷೆ ಊರಲ್ಲೇ ಮಾಡಿ ನೋಡಬಹುದು.

ಸ್ಪ್ರಾಕೆಟ್ ಹಲ್ಲು ಮುಂದೆ/ಹಿಂದೆ 13/50 ಇದ್ದರೆ 14/48 ಮಾಡಿ, ಗೇರಿಂಗ್ ಶೇ. 12ರಷ್ಟು ಉದ್ದ ಆಗುತ್ತದೆ. ಬರೀ ದಿಬ್ಬಗಳಲ್ಲೇ ಆಡುವವರಿಗೆ ಇದು ಬೇಡ. ಟಯರಿಗೆ ದಪ್ಪ ಟ್ಯೂಬ್, ರಿಮ್ ಮೇಲೆ ಟಯರ್ ಜಾರದಂತೆ ಹಿಡಿಯುವ ರಿಮ್ ಲಾಕ್, 12ರಿಂದ 14 ಪಿಎಸ್‌ಐ ಗಾಳಿ. ಅದಕ್ಕೂ ಕಡಿಮೆ ಮಾಡಿದರೆ ಉಸುಕು ಮುಗಿದು ಕಲ್ಲು ಬಯಲು ಬಂದಲ್ಲಿ ಪಂಚರ್ ಖಾತ್ರಿ. ನೀವು ಕೂತಾಗ ಹಿಂದಿನ ಸ್ಯಾಗ್ (ಭಾರಕ್ಕೆ ಹಿಂಭಾಗ ಕುಸಿಯುವ ಪ್ರಮಾಣ) 105 ಮಿ.ಮೀ. ಬರಲಿ, ಮುಂದಿನ ಫೋರ್ಕ್ ಕ್ಲಾಂಪಿನಿಂದ 5 ಮಿ.ಮೀ. ಕೆಳಗೆ ಇಳಿಸಿ, ಫೋರ್ಕಿನ ಕಂಪ್ರೆಷನ್ (ಕುಗ್ಗುವಾಗಿನ ತಡೆ) ಎರಡು ಕ್ಲಿಕ್ ಬಿಗಿ ಮಾಡಿ. ಮುಂಭಾಗ ಎತ್ತರ ಇದ್ದರೆ ಚಕ್ರ ಉಸುಕಿನಲ್ಲಿ ಹೂತುಕೊಳ್ಳೋದಿಲ್ಲ. ಹ್ಯಾಂಡಲ್ ಒದ್ದಾಡದಂತೆ ತಡೆಯುವ ಸ್ಟೀರಿಂಗ್ ಡ್ಯಾಂಪರ್ ದುಬಾರಿ ಆದರೂ ಹಾಕಿಸಿ. ಚೈನಿಗೆ ಹಸಿ ಎಣ್ಣೆ ಹಚ್ಚಿದರೆ ಉಸುಕು ಅಂಟಿ ಸ್ಪ್ರಾಕೆಟ್ ತಿನ್ನುತ್ತದೆ. ಎಕ್ಸ್-ರಿಂಗ್ ಚೈನ್ ಹಾಕಿ ಒಣಗಿಸಿಯೇ ಓಡಿಸಿ.

ಕಂಪನಿಯ ಟ್ಯಾಂಕಿನಲ್ಲಿ ಹಿಡಿಯೋದು ಎಂಟೊಂಬತ್ತು ಲೀಟರ್. ಆಳ ಉಸುಕಿನಲ್ಲಿ ಲೀಟರಿಗೆ 10 ಕಿ.ಮೀ. ಕೂಡ ಸಿಗದೇ ಹೋಗಬಹುದು. ಏಸರ್ಬಿಸ್ ಅಥವಾ ಐಎಂಎಸ್‌ನ ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಸಿಕ್ಕರೆ ಹಾಕಿ. ರೈಲಿನ ಪಾರ್ಸಲ್ಲಿನಲ್ಲಿ ಗಾಡಿ ಕಳಿಸುವವರು ಟ್ಯಾಂಕಿನ ಜೊತೆ ಕಾರ್ಬೊರೇಟರಿನ ಬೌಲನ್ನೂ ಬಸಿದು ಒಣಗಿಸಿ. 178ರಿಂದ 188ರವರೆಗಿನ ಮೇನ್ ಜೆಟ್‌ಗಳು, ಪೈಲಟ್ ಜೆಟ್ ಎರಡು, ಪ್ಲಗ್ ಆರು ಕೈಚೀಲದಲ್ಲಿರಲಿ, ಗಾಡಿಯ ಜೊತೆ ಕಟ್ಟಬೇಡಿ.