ಗಿಟಾರ್ ಕ್ಲಾಸಿನ ಮೊದಲ ಹಾಡು ಯಾಕೆ ಇದೇ?

ವಿರಾಜಪೇಟೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಮಕ್ಕಳನ್ನು ಸೇರಿಸಲು ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಇಷ್ಟೊಂದು ಹಾಡಿದೆ. ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್ ಅವರ ಇಂಗ್ಲಿಷ್ ಹಾಡು 'ಫಾಸ್ಟ್ ಕಾರ್' ಯಾಕೆ ಮೊದಲು?"

ಬೆರಳಿನ ಲೆಕ್ಕ ಸುಲಭ. ಗಿಟಾರ್ ಕತ್ತಿನ ಎರಡನೇ ಮನೆಗೆ (ಫ್ರೆಟ್) ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಅಂದರೆ ಕಾಪೊ, ಹಾಕಿದರೆ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು. ಆದರೆ ನಾಲ್ಕು ಕಾರ್ಡಿನ ಹಾಡು ಬೇಕಾದಷ್ಟಿವೆ. ನನಗೆ ಬೇಕಿರುವುದು ಇದರ ಕಥೆ.

ಹಾಡಿನಲ್ಲಿ ಒಬ್ಬಳು ಹುಡುಗಿ. ಅಪ್ಪ ಕುಡಿತಕ್ಕೆ ಬಿದ್ದಿದ್ದಾನೆ, ಅಮ್ಮ ಬಿಟ್ಟು ಹೋಗಿದ್ದಾಳೆ. ಅಪ್ಪನನ್ನು ನೋಡಿಕೊಳ್ಳಲು ಇವಳು ಸ್ಕೂಲು ಬಿಡುತ್ತಾಳೆ. ಗೆಳೆಯನ ಹತ್ತಿರ ಜೋರಾಗಿ ಓಡುವ ಕಾರಿದೆ. ಈ ಊರು ಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತ ಇಬ್ಬರೂ ನಗರಕ್ಕೆ ಹೊರಡುತ್ತಾರೆ. ಅಲ್ಲಿ ದುಡಿಯುವವಳು ಇವಳೊಬ್ಬಳೇ. ಅವನು ಹೊತ್ತುಮೀರಿ ಬಾರಿನಲ್ಲಿ ಕೂರುತ್ತಾನೆ, ಮಕ್ಕಳ ಮುಖ ನೋಡುವುದೇ ಅಪರೂಪ. ಅಪ್ಪನ ಮನೆಯೇ ಮತ್ತೆ ಎದುರು ಬಂದು ನಿಂತ ಹಾಗೆ, ಅಲ್ವಾ?

ನಮ್ಮ ಕೊಡಗಿಗೆ ರೈಲಿಲ್ಲ. ದೊಡ್ಡ ಓದು, ಕೆಲಸ ಅಂದರೆ ಮೈಸೂರಿಗೋ ಬೆಂಗಳೂರಿಗೋ ಬಸ್ ಹತ್ತಬೇಕು. ತೋಟದ ಮನೆಯ ಮಕ್ಕಳೂ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳೂ ನನ್ನ ಹತ್ತಿರ ಕಲಿಯುತ್ತಾರೆ. ಆ ಬಸ್ಸಿನ ಕನಸು ಎಲ್ಲರಿಗೂ ಇದೆ. ಅದಕ್ಕೇ ಈ ಕಥೆಯನ್ನು ಕನ್ನಡದಲ್ಲಿ ನಿಧಾನವಾಗಿ ಹೇಳುತ್ತೇನೆ.

ಚಾಪ್‌ಮನ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಕಾಲೇಜಿನ ದಿನಗಳಲ್ಲಿ ಬೀದಿಬದಿ ಹಾಡುತ್ತಿದ್ದರು. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮ. ಮಂಡೇಲಾ ಇನ್ನೂ ಜೈಲಿನಲ್ಲಿದ್ದರು. ಅಮೆರಿಕದ ಹೆಸರಾಂತ ಗಾಯಕ ಸ್ಟೀವಿ ವಂಡರ್ ಹಾಡಬೇಕಿತ್ತು. ಅವರ ಎಲೆಕ್ಟ್ರಾನಿಕ್ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿತ್ತು. ಬೇರೆ ತಂಡದ ವಾದ್ಯಗಳನ್ನು ಜೋಡಿಸಲು ಸಮಯವಿಲ್ಲ. ಆಗಲೇ ಒಮ್ಮೆ ಹಾಡಿ ಮುಗಿಸಿದ್ದ 24ರ ಹುಡುಗಿ ಚಾಪ್‌ಮನ್‌ರನ್ನು ಮತ್ತೆ ವೇದಿಕೆಗೆ ಕಳಿಸಿದರು. ಕೈಯಲ್ಲಿ ಒಂದು ಗಿಟಾರ್, ಅಷ್ಟೇ. ಹಿಂದೆ ತಂಡವಿಲ್ಲ, ಡ್ರಮ್ಸ್ ಇಲ್ಲ. ಅಲ್ಲಿ ಹಾಡಿದ್ದು ಈ ಹಾಡು. ಟೀವಿಯಲ್ಲಿ ಜಗತ್ತೇ ನೋಡಿತು. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಮರುವರ್ಷ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿಯೂ ಬಂತು.

35 ವರ್ಷದ ನಂತರ, 2023ರಲ್ಲಿ, ಲ್ಯೂಕ್ ಕೋಮ್ಸ್ ಎಂಬ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕ ಇದನ್ನೇ ಹಾಡಿದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೇಳಿದ ಹಾಡು ಅದು. ಹಾಡಿನಲ್ಲಿ ಅವಳು ತನ್ನ ಬಗ್ಗೆ ಹೇಳುವ, ಅಂಗಡಿಯಲ್ಲಿ ಬಿಲ್ ಹಾಕುವ 'ಹುಡುಗಿ' ಎಂಬ ಮಾತನ್ನು, ತಾನು ಗಂಡಸಾದರೂ, ಅವರು ಬದಲಿಸಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ 'ವರ್ಷದ ಹಾಡು' ಪ್ರಶಸ್ತಿ ಹಾಡು ಬರೆದ ಚಾಪ್‌ಮನ್‌ಗೆ ಸಿಕ್ಕಿತು. ಅದನ್ನು ಪಡೆದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಅವರೇ. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಸೇರಿ ಹಾಡಿದಾಗ, ಆ ಮೊದಲ ಗಿಟಾರ್ ಸಾಲಿಗೇ ನನಗೆ ಕಣ್ಣು ತುಂಬಿ ಬಂತು.

ಕನ್ನಡ ಹಾಡು ಎರಡನೇ ತಿಂಗಳಲ್ಲಿ ಕಲಿಸುತ್ತೇನೆ. ಆ ಹೊತ್ತಿಗೆ ಮಕ್ಕಳು ಮಾತಿಗೆ ಕಿವಿಕೊಡಲು ಕಲಿತಿರುತ್ತಾರೆ.

ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಕಥೆ ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು, "ಮಿಸ್, ಕೊನೆಗೆ ಕಾರು ಯಾರ ಹತ್ತಿರ ಉಳೀತು?"

"ಅವನ ಹತ್ತಿರವೇ. ತಗೊಂಡು ಹೋಗು ಅಂತ ಅವಳೇ ಹೇಳ್ತಾಳೆ."

ಅವಳು ಸ್ವಲ್ಪ ಹೊತ್ತು ತಂತಿ ಮುಟ್ಟಲಿಲ್ಲ. "ಅವಳೇ ಡ್ರೈವಿಂಗ್ ಕಲೀಬೇಕಿತ್ತು" ಅಂದಳು. ಅವತ್ತು ಕ್ಲಾಸು ಅರ್ಧ ಗಂಟೆ ಜಾಸ್ತಿ ನಡೆಯಿತು.